ಒಂದು ಬೋಗುಣಿ ಮಣ್ಣು

ಹಿರಿಯವಳು ಸನಾಟು ನನಗೆ ಮೊದಲು ತೋರಿಸಿದ್ದು
ಒಲೆಯನ್ನಲ್ಲ, ನೀರಿನ ದಾರಿಯನ್ನಲ್ಲ,
ಬುಡಸಮೇತ ಕಿತ್ತ ಒಂದು ಕಡಲೆಕಾಯಿ ಗಿಡವನ್ನು.
ಮಣ್ಣು ಕೊಡವಿ, ಬೇರನ್ನು ಅಂಗೈ ಮೇಲೆ ಹರಡಿ
ಸಾಸಿವೆಗಿಂತ ತುಸು ದಪ್ಪದ ಗಂಟೊಂದನ್ನು
ಹೆಬ್ಬೆರಳ ಉಗುರಿನಲ್ಲಿ ಸೀಳಿದಳು.
ಒಳಗೆ ಕೆಂಪು.
ಆಗಷ್ಟೇ ಹಿಡಿದ ಮೀನಿನ ಕಿವಿರಿನ ಕೆಂಪು.

"ಕೆಂಪಿದ್ದರೆ ಒಳಗಿರುವವು ದುಡಿಯುತ್ತಿವೆ," ಅಂದಳು.
"ಹಸಿರಾದರೆ ಮುಗಿಯಿತು. ಬೆಳ್ಳಗಿದ್ದರೆ
ಉಂಡು ಮಲಗಿದ ನೆಂಟರು."
ಹಾಗೆಂದು ನನ್ನನ್ನೊಮ್ಮೆ ನೋಡಿದಳು.
ನಾನು ಎರಡನೆಯವಳು. ಆ ಅಂಗಳಕ್ಕೆ ಬಂದು
ಆಗಿನ್ನೂ ನಾಲ್ಕು ದಿನ.

ಇಲ್ಲಿ, ಸವೆಲುಗುವಿನ ಆಚೆ, ಹೊಲ ಗಂಡಸರದು.
ಮುಸುಕಿನ ಜೋಳ ಸೋತು ಮೊಣಕಾಲುದ್ದಕ್ಕೆ ನಿಂತಾಗ,
ನೇರಳೆ ಹೂವಿನ ಬೇರುಗಳ್ಳ ಕಳೆ
ಸಾಲಿಗೊಂದು ನಗತೊಡಗಿದಾಗ
ನೇಯಿಂದೊ ಗುದ್ದಲಿಯ ತುದಿಯಲ್ಲಿ ಗಡಿ ಗೀಚಿ
"ತಗೋ, ಇದು ನಿನ್ನದು" ಅನ್ನುತ್ತಾನೆ.
ಸವೆದ ಚಪ್ಪಲಿ ಕೊಟ್ಟ ಹಾಗೆ.

ನ್ಯಾಂಕ್‌ಪಾಲದಿಂದ ಬೈಕಿನಲ್ಲಿ ಒಬ್ಬ ಹುಡುಗ ಬಂದಿದ್ದ.
ಬೇರೆ ಎಷ್ಟೋ ಕಾಳುಗಳ ಬೇರಿಗೆ ಕೂದಲಿನಂಥ ಬಾಗಿಲಂತೆ.
ಅದು ಸುರುಳಿಸುತ್ತಿ ಬಂದವನ್ನು ಒಳಗೆಳೆದುಕೊಳ್ಳುತ್ತದಂತೆ.
ಕಡಲೆಕಾಯಿಗೆ ಬಾಗಿಲಿಲ್ಲ.
ಕವಲುಬೇರು ತಾಯಿಬೇರನ್ನು ಸೀಳಿಕೊಂಡು ಹೊರಟಲ್ಲಿ
ಒಂದು ಬಿರುಕು. ಗಾಯ ಅಂತಲೂ ಅನ್ನಬಹುದು.
ಅಲ್ಲಿಂದಲೇ ಒಳಬರುತ್ತವೆ ಬ್ಯಾಕ್ಟೀರಿಯಾ.
ಸನಾಟು ಹಿಟ್ಟು ತಿರುವುವ ಕೋಲು ನಿಲ್ಲಿಸಲಿಲ್ಲ.
"ಸರಿ. ಬಿರುಕು ಬಿಡದ ಗೋಡೆ
ಯಾರ ಮನೆಯಲ್ಲಿದೆ?"

ಗಾಳಿಯಲ್ಲಿ ಬೇಕಾದಷ್ಟಿದೆ ಸಾರಜನಕ, ಅಂದ ಅವನು.
ಎಳೆದುಕೊಂಡು ಹಾಗೇ ಬಿಡುತ್ತೇವೆ ನಾವು, ಗಿಡಗಳೂ ಅಷ್ಟೇ,
ಹೊಳೆಯಲ್ಲಿ ನಿಂತು ಬಾಯಾರಿದವರು.
ಅದರ ಬಿಗಿಗಂಟು ಬಿಚ್ಚುವ ಕೈ
ಈ ಗಂಟಿನೊಳಗಿನವಕ್ಕೆ ಇದೆ, ಬೇರು ಕೊಟ್ಟ ಸಕ್ಕರೆ ಉಂಡು.
ಉಸಿರು ಹೆಚ್ಚಾದರೆ ಆ ಕೈ ಕೆಡುತ್ತದೆ;
ಅದಕ್ಕೇ ಕೆಂಪು, ಅಳೆದು ಅಳೆದು ಒಳಬಿಡಲು.
ದುಡಿಯದವಕ್ಕೆ ಬೇರು
ಸುಮ್ಮನೆ ಉಸಿರು ಕಡಿಮೆ ಮಾಡುತ್ತದೆ ಅಂತ
ಹೊರಡುವಾಗ, ಹೆಲ್ಮೆಟ್ ಹಾಕಿಕೊಳ್ಳುತ್ತ ಹೇಳಿದ.

ನಾನು ಕಳೆ ಕಿತ್ತೆ. ಅವಳು ಎಣ್ಣೆ ಹಿಂಡಿದಳು,
ಹಿಂಡಿಯನ್ನು ಬಳೆಯಾಗಿ ಹೊಸೆದು ಕುಲಿಕುಲಿ ಕರಿದಳು.
ಸಂತೆಗೆ ನಾನು ಹೋದ ದಿನ
ನನ್ನ ಮಗು ಅವಳ ಬೆನ್ನ ಮೇಲೆ.
ಜಗಳವಾಡದೆ ಇರಲಿಲ್ಲ. ಒಮ್ಮೆ ಉಪ್ಪಿಗೆ,
ಒಮ್ಮೆ ಏತಕ್ಕೋ, ಹನ್ನೊಂದು ದಿನ ಮಾತು ಬಿಟ್ಟೆವು.
ಎರಡು ಮಳೆ ದಾಟಿತು.

ಮೂರನೆಯ ವರ್ಷ ನೇಯಿಂದೊ ನಮ್ಮ ಹೊಲಕ್ಕೆ ಬಂದ.
ಹೆಂಟೆಯೊಂದನ್ನು ಬೆರಳಲ್ಲಿ ಪುಡಿಮಾಡಿ ಮೂಸಿದ.
"ಮಣ್ಣು ಎದ್ದಿದೆ. ಈ ಸಲ ಇಲ್ಲಿ ಜೋಳ."
ಶೀ ಮರದಾಚೆಯ ಗರಸು ನೆಲದ ಕಡೆ ಗದ್ದ ಎತ್ತಿದ.
ಸನಾಟು "ಹೂಂ" ಅಂದಳು,
ಸೂಜಿಗೆ ದಾರ ಪೋಣಿಸುವಾಗ ಅನ್ನುವಂಥ ಹೂಂ.

ಮೊದಲ ಮಳೆ ಬಿದ್ದ ರಾತ್ರಿ ನನ್ನನ್ನು ಎಬ್ಬಿಸಿದಳು.
ಹೂ ಚಿತ್ರದ ಎನಾಮೆಲ್ ಬೋಗುಣಿ, ಅವಳ ಮದುವೆಯದು.
ನಮ್ಮ ಹಳೆಯ ಸಾಲುಗಳಿಂದ ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ,
ಒದ್ದೆ ಮಣ್ಣು ತುಂಬಿ ತಲೆಗೇರಿಸಿದಳು.
"ಇದು ಕಳ್ಳತನವಾ?" ಅಂದೆ.
ಕತ್ತು ಅಲುಗದಂತೆ ನಡೆಯುತ್ತಲೇ ಅಂದಳು:
"ಹೊಲ ಅವನದು.
ಇವನ್ನು ಕರೆದವಳು ನಾನು."

ಗರಸಿನಲ್ಲಿ ಕುಳಿ ತೋಡಿ, ಕುಳಿಗೊಂದು ಚಿಟಿಕೆ,
ಅದರ ಮೇಲೆ ಬೀಜ. ಉಪ್ಪು ಬಡಿಸುವ ಹಾಗೆ.
ಬೆಳಗಾಗುವಷ್ಟರಲ್ಲಿ ಬೋಗುಣಿ ತೊಳೆದು ಕವುಚಿ ಆಗಿತ್ತು.

ಅವನ ಜೋಳ ಆ ವರ್ಷ ತಲೆ ಮೀರಿ ಬೆಳೆಯಿತು.
ಊರೆಲ್ಲ ಅವನ ಕೈಗುಣ ಹೊಗಳಿತು. ನಾವು ಹಿಟ್ಟು ತಿರುವಿ
ಬಡಿಸಿದೆವು, ಉಂಡೆವು, ಚೆನ್ನಾಗಿಯೇ ಇತ್ತು.

ಆರನೆಯ ವಾರ, ಅವಳು ಕರೆಯದೆ, ನಾನೊಬ್ಬಳೇ
ಶೀ ಮರ ದಾಟಿ ಹೋಗಿ
ಒಂದು ಗಿಡ ಕಿತ್ತು, ಮಣ್ಣು ಕೊಡವಿ,
ಹೆಬ್ಬೆರಳ ಉಗುರು ಊರಿದೆ.

ಉಗುರ ಸಂದಿಯಲ್ಲಿ ಅಂಟಿಕೊಂಡದ್ದು
ಸಂಜೆ ಪಾತ್ರೆ ತೊಳೆದರೂ ಹೋಗಲಿಲ್ಲ.
ಸನಾಟು ನೋಡಿದಳು, ಏನೂ ಕೇಳಲಿಲ್ಲ,
ಹುರಿದ ಕಾಳಿನ ದೊಡ್ಡ ಪಾಲನ್ನು ನನ್ನ ಕಡೆ ಸರಿಸಿದಳು.